ಕಂಡದ್ದನ್ನು ಹೇಳಬಾರದೆಂಬ ಸುತ್ತೋಲೆಯೂ ಅಮಾಯಿ ಕಲಿಂದೆಯವರ ಬಲ ಮಣಿಕಟ್ಟೂ

ಎಕ್ಸ್‌ರೇ ಸೇವೆಗಳ ಮಾನ್ಯ ನಿರ್ದೇಶಕರೇ,

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ತಾವು ಸಹಿ ಹಾಕಿ ಕಳಿಸಿದ ಒಂದೂವರೆ ಪುಟದ ಸುತ್ತೋಲೆಯಿಂದಾಗಿ ನಮ್ಮ ಜಿಲ್ಲಾಸ್ಪತ್ರೆಯ ಹೆರಿಗೆ ನರ್ಸ್ ಒಬ್ಬರ ಬಲಗೈ ಶಾಶ್ವತವಾಗಿ ಹಾಳಾಯಿತು. ಅದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ. ಇದೇ ವಿಷಯವಾಗಿ ತಮ್ಮ ಕಚೇರಿಗೆ ಈಗಾಗಲೇ ಮೂರು ಸಲ ಬರೆದಿದ್ದೇನೆ. ಮೊದಲನೆಯದಕ್ಕೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಂತು. ಎರಡನೆಯದಕ್ಕೆ ಅದೇ ಮೊಹರು ತಲೆಕೆಳಗಾಗಿ ಬಂತು. ಮೂರನೆಯದಕ್ಕೆ ಅದೂ ಇಲ್ಲ. ಹಾಗಾಗಿ ಈಗ ಪತ್ರಿಕೆಯ ಬಾಗಿಲು ತಟ್ಟಿದ್ದೇನೆ. ಸರ್ಕಾರಿ ನೌಕರ ಪತ್ರಿಕೆಗೆ ಬರೆಯಬಾರದೆಂಬ ನಿಯಮ ನನಗೆ ಗೊತ್ತಿಲ್ಲವೆಂದು ತಾವು ಕನಿಕರ ಪಡುವುದು ಬೇಡ. ಗೊತ್ತಿದೆ. ಅದೇ ಸುತ್ತೋಲೆಯ ಕೊನೆಯ ಸಾಲು ಅದು.

ಸುತ್ತೋಲೆಯ ಮೂರನೆಯ ಸಾಲು ನನಗೆ ಬಾಯಿಪಾಠವಾಗಿದೆ. ‘ಎಕ್ಸ್‌ರೇ ತಂತ್ರಜ್ಞರು ಚಿತ್ರವನ್ನು ತೆಗೆಯತಕ್ಕದ್ದು. ಚಿತ್ರದಲ್ಲಿ ಏನಿದೆ ಎಂಬುದರ ಬಗ್ಗೆ ಬರಹದಲ್ಲಾಗಲಿ, ಗುರುತಿನ ಮೂಲಕವಾಗಲಿ, ಬಾಯಿಮಾತಿನಲ್ಲಾಗಲಿ ಯಾವುದೇ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ.’ ಎಷ್ಟು ಅಚ್ಚುಕಟ್ಟಾದ ವಾಕ್ಯ! ಕೈ, ಕಣ್ಣು, ಬಾಯಿ ಮೂರನ್ನೂ ಬೇರೆ ಬೇರೆ ಮಾಡಿಟ್ಟಿದ್ದೀರಿ. ಕೈ ನಿಮ್ಮದು, ಬಳಸಿಕೊಳ್ಳಿ. ಕಣ್ಣು ತೆರೆದಿರಲಿ, ಇಲ್ಲದಿದ್ದರೆ ಚಿತ್ರ ಸೊಟ್ಟಗಾದೀತು. ಬಾಯಿ ಮಾತ್ರ ಮನೆಯಲ್ಲಿಟ್ಟು ಬನ್ನಿ.

ನಾನು ಇಪ್ಪತ್ತಮೂರು ವರ್ಷಗಳಿಂದ ಮಲಾವಿ ಸರೋವರದ ದಂಡೆಯ ಈ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿದ್ದೇನೆ. ಮಾವಿನ ಕಾಲದಲ್ಲಿ ಮರದಿಂದ ಬಿದ್ದವರು ಬರುತ್ತಾರೆ. ವರ್ಷವಿಡೀ ಬಾಡಿಗೆ ಸೈಕಲ್ಲಿನಿಂದ ಬಿದ್ದವರು ಬರುತ್ತಾರೆ. ಗಾಳಿ ಎದ್ದ ದಿನ ಮೀನಿನ ದೋಣಿಯಿಂದ ಬಿದ್ದವರು. ಹೇಗೇ ಬೀಳಲಿ, ಬೀಳುವಾಗ ಮನುಷ್ಯ ಕೈ ಊರುತ್ತಾನೆ. ಹಾಗಾಗಿ ಈ ಜಿಲ್ಲೆಯ ಜನರ ಮುಖಗಳಿಗಿಂತ ಮಣಿಕಟ್ಟುಗಳೇ ನನಗೆ ಹೆಚ್ಚು ಪರಿಚಯ. ಸಂತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಹೆಸರು ನೆನಪಾಗುವುದಿಲ್ಲ; ‘ಎಡಗೈ, ಎರಡು ಕಡೆ ಮುರಿದಿತ್ತು, ಸ್ವಲ್ಪ ವಾರೆಯಾಗಿ ಕೂಡಿಕೊಂಡಿದೆ’ ಎಂಬುದು ನೆನಪಾಗುತ್ತದೆ.

ಸುತ್ತೋಲೆ ಬರುವ ಮೊದಲು ನಾವೊಂದು ಪದ್ಧತಿ ಇಟ್ಟುಕೊಂಡಿದ್ದೆವು. ಚಿತ್ರದಲ್ಲಿ ಅನುಮಾನ ಬಂದ ಜಾಗ ಕಂಡರೆ ಅದರ ಮೂಲೆಗೊಂದು ಕೆಂಪು ಚುಕ್ಕೆ ಹಾಕುತ್ತಿದ್ದೆವು. ಅಷ್ಟೇ. ‘ಇಲ್ಲಿ ಇನ್ನೊಮ್ಮೆ ನೋಡಿ’ ಎಂದು ಅದರ ಅರ್ಥ. ನೋಡುವುದು, ಬಿಡುವುದು ವೈದ್ಯರಿಗೆ ಸೇರಿದ್ದು. ನಾನು ತಪ್ಪೇ ಮಾಡಲಿಲ್ಲ ಎನ್ನುವುದಿಲ್ಲ. ಒಬ್ಬ ಹುಡುಗಿಯ ಮಣಿಕಟ್ಟಿನಲ್ಲಿ, ಬೆಳೆಯುವ ಎಲುಬಿನ ಸಹಜ ಗೆರೆಯನ್ನು ಬಿರುಕೆಂದು ಭಾವಿಸಿ ಚುಕ್ಕೆ ಹಾಕಿದೆ. ಎರಡು ವಾರ ಆ ಮಗುವಿನ ಕೈ ಸುಮ್ಮನೆ ಪ್ಲಾಸ್ಟರಿನಲ್ಲಿತ್ತು. ಬಿಚ್ಚಿದ ಮೇಲೆ ಒಂದಿಷ್ಟು ತುರಿಕೆ, ಮತ್ತೇನೂ ಇಲ್ಲ. ದುರದೃಷ್ಟಕ್ಕೆ ಆಕೆ ದೊಡ್ಡ ಅಧಿಕಾರಿಯೊಬ್ಬರ ತಂಗಿಯ ಮಗಳು. ನನಗೆ ಎಚ್ಚರಿಕೆ ಪತ್ರ ಬಂತು: ಇನ್ನೊಂದು ತಪ್ಪು ನಡೆದರೆ ಸೇವೆಯಿಂದ ವಜಾ. ಅದರ ಬೆನ್ನಿಗೇ ಇಡೀ ದೇಶಕ್ಕೆ ಸುತ್ತೋಲೆ ಬಂತು. ಬೇಡದ ಕೈಗೆ ಪ್ಲಾಸ್ಟರ್ ಹಾಕಿದರೆ ಸುತ್ತೋಲೆ ಹುಟ್ಟುತ್ತದೆ. ಬೇಕಾದ ಕೈಗೆ ಹಾಕದಿದ್ದರೆ ಏನು ಹುಟ್ಟುತ್ತದೆ, ನಿರ್ದೇಶಕರೇ? ಅದನ್ನೇ ಈಗ ಹೇಳುತ್ತೇನೆ.

ಎನೆಲೆಸ್ ಕಲಿಂದೆ ಎಂಬುವರು ನಮ್ಮ ಹೆರಿಗೆ ವಾರ್ಡಿನ ಹಿರಿಯ ನರ್ಸ್. ವಯಸ್ಸು ಐವತ್ತಮೂರು. ನಾವೆಲ್ಲ ಅವರನ್ನು ಅಮಾಯಿ ಎಂದೇ ಕರೆಯುತ್ತೇವೆ. ನಮ್ಮಲ್ಲಿ ತಾಯಿಯನ್ನು ಕರೆಯುವುದೂ ಹಾಗೆಯೇ. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಈ ಲೋಕಕ್ಕೆ ತಂದವರು ಅವರು. ನಮ್ಮ ಊರಿನ ಶಾಲೆಯಲ್ಲಿ ಹಾಜರಿ ಕೂಗಿದರೆ ‘ಬಂದೆ’ ಎನ್ನುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮೊದಲ ಅಳುವನ್ನು ಹೊರಡಿಸಿದವರು ಅವರೇ.

ಕಳೆದ ಜೂನ್‌ನ ಒಂದು ಚಳಿಯ ಬೆಳಿಗ್ಗೆ, ಎಡಗೈಯಲ್ಲಿ ಬೋಗುಣಿ ಹಿಡಿದು ವಾರ್ಡಿನಲ್ಲಿ ಓಡಾಡುತ್ತಿದ್ದಾಗ ಒದ್ದೆ ನೆಲದಲ್ಲಿ ಅವರ ಕಾಲು ಜಾರಿತು. ಬೋಗುಣಿ ಚೆಲ್ಲಬಾರದೆಂದು ಬಲಗೈ ಊರಿದರು. ಹತ್ತು ನಿಮಿಷಕ್ಕೆ ನನ್ನ ಕೋಣೆಗೆ ಬಂದರು, ಕೈಯನ್ನು ಎದೆಗವಚಿಕೊಂಡು, ನಗುತ್ತಲೇ.

ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅಲ್ಲಿ ಮೆಲ್ಲಗೆ ಒತ್ತಿದೆ.

“ಅಯ್ಯೋ, ಬಿಡೋ ಪಾಪಿ!” ಎಂದು ಕೂಗಿಕೊಂಡರು.

ಆ ಕೂಗು ಕೇಳಿದಾಗಲೇ ನನಗೆ ಅರ್ಧ ತಿಳಿದಿತ್ತು. ಮಣಿಕಟ್ಟಿನಲ್ಲಿ ಬೆಣಚುಕಲ್ಲಿನಂಥ ಎಂಟು ಚಿಕ್ಕ ಎಲುಬುಗಳಿವೆ. ಹೆಬ್ಬೆರಳ ಬುಡದಲ್ಲಿರುವುದು ದೋಣಿಯ ಆಕಾರದ್ದು. ಗೋಡಂಬಿಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ರಕ್ತ ಹರಿಯುವುದು ಹೆಬ್ಬೆರಳ ಕಡೆಯಿಂದ, ಹಿಮ್ಮುಖವಾಗಿ. ಎಲುಬು ನಡುವಿನಲ್ಲಿ ಬಿರುಕು ಬಿಟ್ಟರೆ ಹಿಂದಿನ ಅರ್ಧಕ್ಕೆ ರಕ್ತ ತಲುಪದೆ ಅದು ನಿಧಾನವಾಗಿ ಸಾಯುತ್ತದೆ. ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಹಾಕಿ ಎರಡು ಮೂರು ತಿಂಗಳು ಅಲುಗಾಡದಂತೆ ಇಟ್ಟರೆ ಬಹುಪಾಲು ಕೂಡಿಕೊಳ್ಳುತ್ತದೆ. ಮೋಸವೇನೆಂದರೆ, ಮೊದಲ ದಿನ ಆ ಬಿರುಕು ಮಾಮೂಲಿ ಚಿತ್ರದಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಕೈಯನ್ನು ಕಿರುಬೆರಳ ಕಡೆಗೆ ವಾಲಿಸಿ ಬೇರೆಯೇ ಒಂದು ಚಿತ್ರ ತೆಗೆಯಬೇಕು.

ತೆಗೆದೆ. ನಾಲ್ಕು ಚಿತ್ರ ತೆಗೆದೆ. ಮೊದಲ ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಆ ಪುಟ್ಟ ದೋಣಿಯ ನಡುವಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು.

“ಏನೋ ಝಿಂಬಿರಿ, ಹಂಗೆ ಕಣ್ ಬಿಟ್ಕೊಂಡು ನೋಡ್ತಿದ್ದೀಯ? ನನ್ನ ಕೈಯೊಳಗೇನು ಚಾಂಬೋ ಮೀನು ಕಾಣ್ತಾ ಇದೆಯಾ?”

“ಡಾಕ್ಟ್ರು ನೋಡಿ ಹೇಳ್ತಾರೆ, ಅಮಾಯಿ.”

“ಅವ್ರು ನೋಡೋದು ಇರ್ಲಿ. ನೀನು ನೋಡಿದ್ದೇನು?”

“ಈಗ ಬರೀ ಚಿತ್ರ ತೆಗ್ಯೋದಷ್ಟೇ ನನ್ನ ಕೆಲಸ.”

“ನಿನ್ನ ಹೆಣ್ಮಕ್ಳನ್ನ ಹಿಡಿದಿದ್ದು ಇದೇ ಕೈಯಲ್ಲಿ ಕಣೋ. ಆವಾಗ ನೀನು ಹೊರಗೆ ನೀಲಗಿರಿ ಮರ ತಬ್ಕೊಂಡು ಅಳ್ತಿದ್ದೆ. ಈಗ್ಲೂ ಹಂಗೇ ನಿಂತಿದ್ದೀಯಲ್ಲ!” ಎಂದು ನಕ್ಕರು. “ಹೋಗ್ಲಿ ಬಿಡು. ನಿನ್ನ ಮುಖ ನೋಡಿದ್ರೆ ನೀನೇ ಕೈ ಮುರ್ಕೊಂಡಂಗಿದೆ.”

ನಿರ್ದೇಶಕರೇ, ನಾನು ಸುಮ್ಮನಿದ್ದೆ. ತಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದೆ. ಆ ದಿನದ ನನ್ನ ವರ್ತನೆಗೆ ತಾವೊಂದು ಪ್ರಶಸ್ತಿಪತ್ರ ಕಳಿಸಬಹುದು.

ಮನಸ್ಸು ತಡೆಯದೆ ಹೊರರೋಗಿಗಳ ವಿಭಾಗಕ್ಕೆ ಹೋದೆ. ಅಲ್ಲಿ ಲುಸುಂಗು ಎಂಬ ಕ್ಲಿನಿಕಲ್ ಆಫೀಸರ್ ಇದ್ದ. ವೈದ್ಯರಿಲ್ಲದ ಊರುಗಳಲ್ಲಿ ವೈದ್ಯರ ಹೊರೆಯನ್ನೆಲ್ಲ ಹೊರುವವರು ಇವರೇ. ಇಪ್ಪತ್ತೇಳರ ಹರೆಯ, ಒಳ್ಳೆಯವನು. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ.

“ಲುಸುಂಗು, ಅಮಾಯಿದು ನಾಲ್ಕನೇ ಚಿತ್ರ ಸ್ವಲ್ಪ ನಿಧಾನಕ್ಕೆ ನೋಡಪ್ಪ.”

“ಯಾಕಣ್ಣ, ಏನಿದೆ ಅದ್ರಲ್ಲಿ?”

“ಅದನ್ನ ನಾನು ಹೇಳೋ ಹಾಗಿಲ್ಲ.”

“ಒಗಟು ಬಿಡಿಸೋಕೆ ಇದೇನು ಮದುವೆ ಮನೆನಾ? ಈ ಹಾಳು ಕಂಪ್ಯೂಟರಲ್ಲಿ ಮೂರೇ ತೆರ್ಕೊಳ್ಳೋದು. ನಾಲ್ಕನೇದು ಸುತ್ತುತ್ತಾ ಕೂತಿದೆ. ಹೊರಗೆ ನೋಡು, ಎಪ್ಪತ್ತು ಜನ. ಎಲುಬು ನೆಟ್ಟಗಿದೆ, ಊತ ಇದೆ, ಉಳುಕಿದೆ ಅಷ್ಟೇ. ರಾಜಧಾನಿಯಿಂದ ವರದಿ ಬರ್ಲಿ, ಆಮೇಲೆ ನೋಡಿದ್ರಾಯ್ತು.”

ಒಂದು ಕ್ರೇಪ್ ಬ್ಯಾಂಡೇಜು, ಹತ್ತು ನೋವಿನ ಮಾತ್ರೆ. ಅಮಾಯಿ ಅದೇ ಮಧ್ಯಾಹ್ನ ಒಂದು ಹೆರಿಗೆ ಮಾಡಿಸಿದರು.

ಎಲ್ಲ ಚಿತ್ರಗಳೂ ರಾಜಧಾನಿಗೆ ಹೋಗಿ, ರೇಡಿಯಾಲಜಿಸ್ಟರು ನೋಡಿ, ವರದಿ ಹಿಂದಿರುಗಬೇಕೆಂಬುದು ತಮ್ಮ ವ್ಯವಸ್ಥೆ. ಆ ರೇಡಿಯಾಲಜಿಸ್ಟರ ಮೇಲೆ ನನಗೆ ಯಾವ ದೂರೂ ಇಲ್ಲ. ಒಂಬತ್ತು ಜಿಲ್ಲೆಗಳ ತಲೆ, ಎದೆ, ಕೈ, ಕಾಲುಗಳೆಲ್ಲ ಅವರೊಬ್ಬರ ಮೇಜಿಗೆ ಹೋಗಿ ಬೀಳುತ್ತವೆ. ಅವರೂ ಮನುಷ್ಯರು. ನನ್ನ ಪ್ರಶ್ನೆ ಇಷ್ಟೇ: ದೋಣಿಯ ಮೂತಿಯಲ್ಲಿ ಕುಳಿತವನಿಗೆ ಬಂಡೆ ಕಂಡರೆ ಕೂಗಬೇಕೋ, ದಡದಲ್ಲಿರುವ ಮಾಲೀಕರಿಗೆ ಅರ್ಜಿ ಬರೆದು ಉತ್ತರಕ್ಕೆ ಕಾಯಬೇಕೋ? ಕೂಗುವವನಿಗೆ ಓದು ಕಡಿಮೆ ಎಂಬ ಕಾರಣಕ್ಕೆ ಬಂಡೆ ಪಕ್ಕಕ್ಕೆ ಸರಿದು ಕೂರುತ್ತದೆಯೇ?

ವರದಿ ಬರುವಷ್ಟರಲ್ಲಿ ಹನ್ನೊಂದು ವಾರ ಕಳೆದವು. ಆ ಹನ್ನೊಂದು ವಾರ ನಾನು ಅಮಾಯಿಯನ್ನು ದಿನಾ ನೋಡುತ್ತಿದ್ದೆ. ಪ್ರತಿದಿನ ಬೆಳಿಗ್ಗೆ ಏಳೂವರೆಗೆ ನಾವೆಲ್ಲ ಸಿಬ್ಬಂದಿ ಪ್ರಾರ್ಥನೆಗೆ ಸೇರುತ್ತೇವೆ. ಅಮಾಯಿ ಮುಂದಿನ ಸಾಲಿನಲ್ಲಿ ನಿಂತು ಹಾಡು ಎತ್ತಿಕೊಡುವವರು. ಹಾಡಿನ ಜೊತೆ ಚಪ್ಪಾಳೆ ಬೀಳಬೇಕು. ಅವರು ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಎಡಗೈಯಿಂದ ತೊಡೆ ತಟ್ಟುತ್ತಿದ್ದರು. ನಾನು ಎರಡು ಸಾಲು ಹಿಂದೆ ನಿಂತು ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದೆ. ಪ್ರಾರ್ಥನೆ ಮುಗಿದ ಮೇಲೆ “ಹೇಗಿದ್ದೀರಿ ಅಮಾಯಿ?” ಎನ್ನುತ್ತಿದ್ದೆ. “ಇದ್ದೀನಪ್ಪ” ಎನ್ನುತ್ತಿದ್ದರು. ಮೂರನೆಯ ವಾರ ಒಮ್ಮೆ ಧೈರ್ಯ ಮಾಡಿ, “ಇನ್ನೊಂದು ಸಲ ಚಿತ್ರ ತೆಗೆಸ್ಕೊಂಡ್ರೆ ಒಳ್ಳೇದು” ಎಂದೆ.

“ಯಾಕೆ? ಉಳುಕು ಅಂದ್ರಲ್ಲ!”

“ಸುಮ್ನೆ, ಒಂದು ಸಲ...”

“ವಾರ್ಡಲ್ಲಿ ಇರೋರೇ ಇಬ್ರು. ನಾನು ಸುಮ್ನೆ ಬಂದು ನಿನ್ನ ಮೇಜಿನ ಮೇಲೆ ಕೈ ಇಟ್ಕೊಂಡು ಕೂತ್ರೆ, ಅಲ್ಲಿ ಹೆರೋರು ಕಾಯ್ತಾರಾ?”

ಅಷ್ಟಕ್ಕೇ ಬಿಟ್ಟುಬಿಟ್ಟೆ. ಬಿರುಕಿದೆ ಎನ್ನಲು ಮೂರು ಸೆಕೆಂಡು ಸಾಕಿತ್ತು. ಎಚ್ಚರಿಕೆ ಪತ್ರದ ‘ವಜಾ’ ಎಂಬ ಮಾತು ನೆನಪಾಯಿತು. ಕಾಲೇಜಿನಲ್ಲಿರುವ ಮಗಳ ಮುಖ ಕಣ್ಣೆದುರು ಬಂತು. ಸುತ್ತೋಲೆ ತಮ್ಮದು, ಸರಿ. ಆದರೆ ಆ ಮೂರು ಸೆಕೆಂಡು ನನ್ನವು. ಅದನ್ನು ತಮ್ಮ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವಷ್ಟು ಜಾಣತನ ನನಗಿಲ್ಲ.

ಒಂಬತ್ತನೆಯ ವಾರ ಏನಾಯಿತೆಂಬುದನ್ನು ಅಮಾಯಿಯ ಜೊತೆಯ ನರ್ಸ್ ನನಗೆ ಹೇಳಿದ್ದು ಆಮೇಲೆ. ಮೊದಲ ಹೆರಿಗೆಯ ಎಳೆಯ ಹುಡುಗಿ. ಎಲ್ಲವೂ ಸರಾಗವಾಗಿ ನಡೆದಿತ್ತು. ತಲೆ ಬಂತು, ಭುಜ ಬಂತು, ಆಮೇಲೆ ಯಾವಾಗಲೂ ಆಗುವಂತೆ ಉಳಿದದ್ದು ಒಮ್ಮೆಲೇ ಜಾರಿ ಬಂತು. ಇಪ್ಪತ್ತೊಂಬತ್ತು ವರ್ಷ ಆ ಜಾರುವಿಕೆಯನ್ನು ಕಾದು ಹಿಡಿದ ಬಲಗೈ ಅವತ್ತು ಮಗುವಿನ ಭಾರಕ್ಕೆ ಮಣಿಕಟ್ಟಿನಲ್ಲಿ ಮಡಚಿಕೊಂಡಿತು. ಹಿಡಿತ ತಪ್ಪಿತು. ಅಮಾಯಿ ಮೊಣಕಾಲೂರಿ ಮುಂದಕ್ಕೆ ಬಾಗಿ ಮಗುವನ್ನು ಎಡತೋಳಿಗೂ ಎದೆಗೂ ನಡುವೆ ಒತ್ತಿ ಹಿಡಿದರು. ಮಗುವಿಗೆ ಏನೂ ಆಗಲಿಲ್ಲ. ಅತ್ತಿತು. ತಾಯಿಗೆ ಗೊತ್ತೇ ಆಗಲಿಲ್ಲ. “ಎಷ್ಟು ಪ್ರೀತಿಯಿಂದ ಅಪ್ಕೊಂಡ್ರಿ ಅಮಾಯಿ!” ಎಂದಳಂತೆ ಆ ಹುಡುಗಿ. ಅಮಾಯಿ ಮಗುವನ್ನು ಒರೆಸಿ ಅವಳ ಎದೆಯ ಮೇಲೆ ಮಲಗಿಸಿದರು, ಜೊತೆಯ ನರ್ಸ್‌ಗೆ ಮುಂದಿನದನ್ನು ನೋಡಲು ಹೇಳಿದರು, ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದರು. ಆಮೇಲೆ ಅವರು ಒಂದು ಹೆರಿಗೆಯನ್ನೂ ಮಾಡಿಸಿಲ್ಲ.

ಇದಾದ ಎರಡು ವಾರಕ್ಕೆ, ಒಂದು ಶುಕ್ರವಾರ ಮಧ್ಯಾಹ್ನ, ವರದಿ ಬಂತು. ಅದು ಅಪ್ಪಟ ಸರಿಯಾದ ವರದಿ. ನಾನು ಕಂಡದ್ದನ್ನೇ ಅವರೂ ಕಂಡಿದ್ದರು. ‘ನಾಲ್ಕನೆಯ ಚಿತ್ರದಲ್ಲಿ ದೋಣಿಯಾಕಾರದ ಎಲುಬಿನ ನಡುವೆ ಮುರಿತವಿದೆ. ತಕ್ಷಣ ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಹಾಕುವುದು ಸೂಕ್ತ.’ ತಕ್ಷಣ! ಆ ಪದವನ್ನು ನಾನು ಎಷ್ಟು ಹೊತ್ತು ನೋಡುತ್ತಾ ಕುಳಿತಿದ್ದೆನೋ ತಿಳಿಯದು. ಹನ್ನೊಂದು ವಾರ ಪ್ರಯಾಣ ಮಾಡಿ ಬಂದ ‘ತಕ್ಷಣ’ವನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ, ನಿರ್ದೇಶಕರೇ?

ವರದಿಯ ಪ್ರತಿ ತೆಗೆದುಕೊಂಡು ಹೋದೆ. ಅಮಾಯಿ ದಾಸ್ತಾನು ಕೋಣೆಯಲ್ಲಿ ಎಡಗೈಯಿಂದ ಹತ್ತಿ ಮಡಚಿಡುತ್ತಿದ್ದರು. ಓದಿದರು. ಕೆಳಗಿಟ್ಟು ಮತ್ತೆ ಎತ್ತಿಕೊಂಡು ತಾರೀಖು ನೋಡಿದರು.

“ಅಮಾಯಿ, ಇದು ನನಗೆ ಅವತ್ತೇ ಕಂಡಿತ್ತು” ಎಂದೆ.

“ಯಾವತ್ತು?”

“ಚಿತ್ರ ತೆಗೆದ ದಿನ.”

ವರದಿಯನ್ನು ಮಡಚಿ ಹತ್ತಿಯ ಪಕ್ಕಕ್ಕಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ದಿನಾ ಬೆಳಿಗ್ಗೆ ನೀನು ಎದುರಿಗೆ ನಿಂತು ಹೇಗಿದ್ದೀರಿ ಅಂತ ಕೇಳ್ತಿದ್ದೆ” ಎಂದರು. “ಹೇಗಿದ್ದೀನಿ ಅಂತ ನಿಂಗೆ ಗೊತ್ತಿತ್ತು. ಗೊತ್ತಿಲ್ದೇ ಇದ್ದೋಳು ನಾನೊಬ್ಳೇ.”

ಆಮೇಲೆ ಹತ್ತಿ ಮಡಚತೊಡಗಿದರು. ನಾನು ಇದ್ದೆನೋ ಹೋದೆನೋ ಎಂದೂ ತಿರುಗಿ ನೋಡಲಿಲ್ಲ.

ಮತ್ತೆ ಚಿತ್ರ ತೆಗೆದಾಗ ಕೂದಲೆಳೆ ಹೋಗಿ ಅಗಲವಾದ ಸಂದು ಆಗಿತ್ತು. ಹಿಂದಿನ ಅರ್ಧ ಉಳಿದ ಎಲುಬುಗಳಿಗಿಂತ ಬೆಳ್ಳಗೆ ಕಾಣುತ್ತಿತ್ತು. ಎಲುಬು ಸಾಯುವಾಗ ಬೆಳ್ಳಗಾಗುತ್ತದೆ. ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯರನ್ನು ಕಾಣಲು ಐದು ತಿಂಗಳು ಕಾಯಬೇಕಾಯಿತು. ಅಷ್ಟರಲ್ಲಿ ಸುತ್ತಲಿನ ಕೀಲೂ ಸವೆಯತೊಡಗಿತ್ತು. ಈಗ ಎಲುಬನ್ನು ಕೂಡಿಸಲಾಗದು, ಬೇಕಾದರೆ ಮಣಿಕಟ್ಟನ್ನೇ ಬೆಸೆದು ಬಿಡಬಹುದು, ನೋವು ಹೋಗುತ್ತದೆ, ಆದರೆ ಕೈ ಇನ್ನು ಮಡಚುವುದಿಲ್ಲ ಎಂದರಂತೆ. ಅಮಾಯಿ ಬೇಡವೆಂದು ಬಂದುಬಿಟ್ಟರು.

ಈಗ ಅವರು ಮಕ್ಕಳ ತೂಕ ನೋಡುವ ವಿಭಾಗದ ಮೇಜಿನ ಹಿಂದೆ ಕೂರುತ್ತಾರೆ. ಎಡಗೈಯಿಂದ ತೂಕ ಬರೆಯುತ್ತಾರೆ. ಅಕ್ಷರಗಳು ಒಂದನೆಯ ತರಗತಿಯ ಮಕ್ಕಳ ಅಕ್ಷರದಂತೆ ದೊಡ್ಡದಾಗಿ, ವಾಲಿಕೊಂಡು ಇರುತ್ತವೆ. ಅವರೇ ಹೆರಿಗೆ ಮಾಡಿಸಿದ ತಾಯಂದಿರು ಮಗುವನ್ನು ಮುಂದೆ ಚಾಚಿ, “ಒಂದು ಸಲ ಎತ್ಕೊಳ್ಳಿ ಅಮಾಯಿ, ನಿಮ್ಮದೇ ಮಗು” ಎನ್ನುತ್ತಾರೆ. “ಬೇಡಮ್ಮ, ನಂಗೆ ನೆಗಡಿ, ಮಗೂಗೆ ಅಂಟ್ಕೊಳ್ಳುತ್ತೆ” ಎನ್ನುತ್ತಾರೆ ಅವರು. ಎಂಟು ತಿಂಗಳಿಂದ ಅವರಿಗೆ ಅದೇ ನೆಗಡಿ. ಹೆರಿಗೆ ವಾರ್ಡಿನಲ್ಲಿ ಈಗ ಉಳಿದಿರುವವಳು ಒಬ್ಬಳೇ ನರ್ಸ್. ಅವಳು ಮನೆಗೆ ಹೋದಾಗ ಯಾರಿರುತ್ತಾರೆಂದು ಕೇಳಬೇಡಿ. ಆ ಅಂಕಿಸಂಖ್ಯೆ ತಮ್ಮ ಕಚೇರಿಗೆ ತಿಂಗಳು ತಿಂಗಳೂ ಬರುತ್ತದೆ. ಓದುವವರಿದ್ದರೆ ಓದಲಿ.

ನನ್ನನ್ನು ವೈದ್ಯನೆಂದು ಕರೆಯಿರಿ ಎಂದು ನಾನು ಕೇಳುತ್ತಿಲ್ಲ. ವೈದ್ಯರಿಗಿಂತ ನನಗೆ ಹೆಚ್ಚು ಗೊತ್ತೆಂದೂ ಹೇಳುತ್ತಿಲ್ಲ. ಚಿತ್ರ ತೆಗೆದವನಿಗೆ ಏನಾದರೂ ಕಂಡರೆ, ‘ಇಲ್ಲಿ ನೋಡಿ’ ಎಂದು ಹೇಳುವ ಹಕ್ಕು ಇರಲಿ. ತಪ್ಪಿದರೆ ಒಂದು ಮಗು ಎರಡು ವಾರ ಕೈ ತುರಿಸಿಕೊಳ್ಳುತ್ತದೆ. ಹೇಳದಿದ್ದರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ. ಇವೆರಡನ್ನೂ ತೂಗಲು ತಮ್ಮ ಕಚೇರಿಯಲ್ಲಿ ತಕ್ಕಡಿ ಇಲ್ಲವೆಂದರೆ, ನಮ್ಮ ಮಕ್ಕಳ ವಿಭಾಗದಲ್ಲೊಂದಿದೆ, ಕಳಿಸಿಕೊಡುತ್ತೇನೆ.

ಇನ್ನೊಂದು ವಿಷಯ ತಮಗೆ ನಾನೇ ತಿಳಿಸುವುದು ಮೇಲು, ಚಾಡಿ ಹೇಳುವವರಿಗೆ ಶ್ರಮ ತಪ್ಪುತ್ತದೆ. ಆ ಶುಕ್ರವಾರದಿಂದ ನಾನು ಬಾಯಿ ಬಿಟ್ಟಿದ್ದೇನೆ. ಕಂಡದ್ದನ್ನು ರೋಗಿಗೂ ಹೇಳುತ್ತೇನೆ, ಲುಸುಂಗುವಿಗೂ ಹೇಳುತ್ತೇನೆ. ಇದರಿಂದ ಭಾರಿ ಬದಲಾವಣೆ ಆಗಿದೆ ಎಂದು ಬರೆಯಲು ಆಸೆ. ಆಗಿಲ್ಲ. ಎರಡು ತಿಂಗಳಿಂದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬರುವುದೇ ನಿಂತಿದೆ. ಮೊನ್ನೆ ಮೀನುಗಾರನೊಬ್ಬನಿಗೆ, “ಅಣ್ಣಾ, ಎಲುಬು ಬಿರುಕು ಬಿಟ್ಟಿದೆ” ಎಂದೆ. “ಸರಿ, ಈಗೇನ್ ಮಾಡ್ಲಿ?” ಎಂದ. ರಟ್ಟು ಕತ್ತರಿಸಿ, ಹಳೆಯ ಬಟ್ಟೆ ಸುತ್ತಿ ಕಟ್ಟಿ ಕಳಿಸಿದೆವು. ಮರುದಿನ ಅವನು ಅದೇ ಕೈಯಲ್ಲಿ ಬಲೆ ಎಳೆಯುತ್ತಿದ್ದನಂತೆ. ಅಂದರೆ ಸುತ್ತೋಲೆಯನ್ನು ಹಿಂತೆಗೆದುಕೊಂಡರೂ ಎಲ್ಲವೂ ಸರಿಹೋಗುವುದಿಲ್ಲ. ಆದರೂ ಹಿಂತೆಗೆದುಕೊಳ್ಳಿ ಎಂಬುದೇ ನನ್ನ ಒತ್ತಾಯ. ಪೂರ್ತಿಯಾಗಿ, ಲಿಖಿತವಾಗಿ, ಎಲ್ಲ ಜಿಲ್ಲೆಗಳಿಗೂ ತಲುಪುವಂತೆ. ಜೊತೆಗೆ ಅಮಾಯಿ ಕಲಿಂದೆಯವರಿಗೆ ತಮ್ಮ ಕಚೇರಿಯಿಂದ ಒಂದು ಪತ್ರ ಬರಲಿ. ತಪ್ಪಾಯಿತು ಎಂಬ ಒಂದೇ ಮಾತು ಅದರಲ್ಲಿರಲಿ. ಬರುತ್ತದೆಂಬ ನಂಬಿಕೆ ನನಗಿಲ್ಲ. ಒತ್ತಾಯಿಸುವುದಕ್ಕೆ ನಂಬಿಕೆ ಬೇಕೇ ಬೇಕೆಂದೇನಿಲ್ಲವಲ್ಲ.

ಅವರ ಹೆಸರು ಬರೆಯಲು ಒಪ್ಪಿಗೆ ಕೇಳಲು ನಿನ್ನೆ ಈ ಪತ್ರವನ್ನು ಅವರ ಮೇಜಿಗೆ ಒಯ್ದಿದ್ದೆ. ಎಂಟು ತಿಂಗಳ ನಂತರ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಎಲ್ಲವನ್ನೂ ಓದಿದರು. ಅವರ ವಯಸ್ಸು ಐವತ್ತೆರಡೆಂದು ಬರೆದಿದ್ದೆ. ಎಡಗೈಯಿಂದಲೇ ಐವತ್ತಮೂರೆಂದು ತಿದ್ದಿದರು.

“ಹೆಸರು ಹಾಕು. ಪೂರ್ತಿ ಹಾಕು” ಎಂದರು. “ನಾನು ನಿನ್ನನ್ನ ಕ್ಷಮಿಸಿದೀನಿ ಅಂತ ಮಾತ್ರ ಬರೀಬೇಡ.”

ಬರೆದಿಲ್ಲ.

ಇಂತಿ,
ಹನ್ನೊಂದು ವಾರಗಳ ಕಾಲ ತಮ್ಮ ಅತ್ಯಂತ ವಿಧೇಯನಾಗಿದ್ದ,
ಯೋತಾಮು ಝಿಂಬಿರಿ
ಎಕ್ಸ್‌ರೇ ತಂತ್ರಜ್ಞ (ಈ ಪತ್ರ ಅಚ್ಚಾಗುವವರೆಗೆ)